ಬೆನ್ನ ಮೇಲಿನ ಅಂಕಿ

ಯಾರಾದರೂ ಸೋವಿಯತ್ ಪದಕವೊಂದನ್ನು ಅಂಗೈಯಲ್ಲಿಟ್ಟರೆ ನಾನು ಮೊದಲು ಅದನ್ನು ಮಗುಚಿ ಹಾಕುತ್ತೇನೆ. ಮುಂಭಾಗದ ಹೊಳಪು ಆಮೇಲೆ ನೋಡಿದರಾಯಿತು. ‘ಕೆಂಪು ನಕ್ಷತ್ರ’ವನ್ನೇ ತೆಗೆದುಕೊಳ್ಳಿ. 1930ರ ಏಪ್ರಿಲ್ 6ರಂದು ಸ್ಥಾಪನೆಯಾದ ಬೆಳ್ಳಿಯ ಪದಕ ಇದು. ಐದು ಮೂಲೆಗೂ ಮಾಣಿಕ್ಯದ ಬಣ್ಣದ ಎನಾಮಲ್, ನಡುವೆ ಬಂದೂಕು ಹಿಡಿದು ನಿಂತ ಸೈನಿಕ. ತಿರುಗಿಸಿದರೆ ಬೇರೆಯೇ ಲೋಕ. ಅಂಗಿಗೆ ತೂತು ಮಾಡಿ ಬಿಗಿಯಲು ಒಂದು ತಿರುಪು, ಅದಕ್ಕೊಂದು ದುಂಡು ಬಿಲ್ಲೆ, ‘ಮೊನೆತ್ನಿ ದ್ವೋರ್’ ಎಂಬ ಟಂಕಸಾಲೆಯ ಉಬ್ಬು ಅಕ್ಷರ. ಅದರ ಕೆಳಗೆ ಯಾರೋ ಒಬ್ಬ ಕೆಲಸಗಾರ ಉಳಿ ಹಿಡಿದು ಕೈಯಾರೆ ಕೊರೆದ ಅಂಕಿ.

ನಾನು ಹುಡುಕುವುದು ಆ ಅಂಕಿಯನ್ನು. ಸೋವಿಯತ್ ಒಕ್ಕೂಟ ಕೆಂಪು ನಕ್ಷತ್ರವನ್ನು 38 ಲಕ್ಷಕ್ಕೂ ಹೆಚ್ಚು ಸಲ ಕೊಟ್ಟಿದೆ. ಮುಂಭಾಗದಲ್ಲಿ ಅವೆಲ್ಲ ಅಣ್ಣತಮ್ಮಂದಿರಂತೆ ಕಾಣುತ್ತವೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡಿ, ಒಬ್ಬ ಮನುಷ್ಯನ ಎದೆಗೆ ಕಟ್ಟುವುದು ಬೆನ್ನ ಮೇಲಿನ ಅಂಕಿಯೊಂದೇ. ಖೋಟಾದವರಿಗೂ ಇದು ಗೊತ್ತು. ಹಾಗಾಗಿ ಅವರ ಕೈಚಳಕವೆಲ್ಲ ನಡೆಯುವುದು ಇಲ್ಲಿಯೇ.

ಲೋಹದ ಪರೀಕ್ಷೆ ಅಷ್ಟೇನೂ ಕಷ್ಟವಲ್ಲ. ಟಂಕಸಾಲೆಯಲ್ಲಿ ಅಚ್ಚೊತ್ತಿದ ಪದಕದ ಅಕ್ಷರಗಳ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿಯ ಅಂಚು ಕರಗಿದ ಬೆಲ್ಲದಂತೆ ಮೊಂಡು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿದರೆ ಮೈಮೇಲೆ ಸೂಜಿಮೊನೆಯಂಥ ಗುಳಿಗಳು ಕಾಣುತ್ತವೆ. ಬಿರುಕು ಬಿಟ್ಟ ಎನಾಮಲ್ಲಿಗೆ ಬಣ್ಣದ ಅರಗು ಮೆತ್ತಿದ್ದರೆ ಅತಿನೇರಳೆ ದೀಪದ ಕೆಳಗೆ ಅಷ್ಟು ಭಾಗ ಬೇರೆಯಾಗಿ ಎದ್ದು ತೋರುತ್ತದೆ. ಇವನ್ನೆಲ್ಲ ಒಂದು ತಿಂಗಳಲ್ಲಿ ಕಲಿಯಬಹುದು. ಕಷ್ಟವಾಗುವುದು ಪದಕವೂ ಅಸಲಿ, ಬೆಳ್ಳಿಯೂ ಅಸಲಿ, ಅಂಕಿ ಮಾತ್ರ ಸುಳ್ಳಾಗಿರುವಾಗ. ಹಳೆಯ ಅಂಕಿಯನ್ನು ಉಜ್ಜಿ ಅಳಿಸಿ, ಹೆಸರಾಂತ ಯೋಧನೊಬ್ಬನ ದಾಖಲೆಯಲ್ಲಿರುವ ಅಂಕಿಯನ್ನು ಹೊಸದಾಗಿ ಕೊರೆಯುತ್ತಾರೆ. ಅಂಥ ಪದಕವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ಅಂಕಿಯ ಸುತ್ತಲಿನ ಬೆಳ್ಳಿ ಕೂದಲೆಳೆಯಷ್ಟು ತಗ್ಗಿರುತ್ತದೆ, ಗೀರಿನೊಳಗೆ ಎಂಬತ್ತು ವರ್ಷದ ಕಪ್ಪು ಕೂತಿರುವುದಿಲ್ಲ. ಅಂಕಿಯ ಪಕ್ಕದಲ್ಲಿ ರಷ್ಯನ್ ‘ದ’ ಅಕ್ಷರ ಕಂಡರೆ ಮಾತ್ರ ಗಾಬರಿ ಬೇಡ. ಕಳೆದುಹೋದದ್ದಕ್ಕೆ ಬದಲಾಗಿ ಸರಕಾರವೇ ಕೊಟ್ಟ ಪ್ರತಿಯ ಗುರುತು ಅದು.

ಪದಕಗಳನ್ನು ಕೊಡುತ್ತ ಹೋದಂತೆ ಅಂಕಿಯೂ ಏರುತ್ತ ಹೋಯಿತು; ಹಾಗಾಗಿ ಅಂಕಿಗೂ ಪದಕದ ಮೈಕಟ್ಟಿಗೂ ತಾಳೆಯಾಗಬೇಕು. 1938ರ ಅಕ್ಟೋಬರ್ 17ರಂದು ಹುಟ್ಟಿದ ‘ಜಾ ಒತ್ವಾಗು’, ಅಂದರೆ ‘ಧೈರ್ಯಕ್ಕಾಗಿ’ ಎಂಬ ಪದಕ ಇದಕ್ಕೆ ಒಳ್ಳೆಯ ಪಾಠ. 37 ಮಿಲಿಮೀಟರ್ ಅಗಲದ ಬೆಳ್ಳಿ ಬಿಲ್ಲೆ. ಮೇಲೆ ಮೂರು ವಿಮಾನ, ಕೆಳಗೆ ಒಂದು ಟ್ಯಾಂಕ್, ನಡುವೆ ಕೆಂಪು ಅಕ್ಷರ. ಮೊದಲು ಇದು ಪುಟ್ಟ ಆಯತಾಕಾರದ ಕೆಂಪು ಪಟ್ಟಿಯಿಂದ ತೂಗುತ್ತಿತ್ತು. 1943ರ ಜೂನ್‌ನಲ್ಲಿ ನಿಯಮ ಬದಲಾಗಿ ಐದು ಮೂಲೆಯ ತೂಗುಪಟ್ಟಿ ಬಂತು. ಮೊದಲೇ ಪದಕ ಪಡೆದವರೂ ಹೊಸ ಪಟ್ಟಿಗೆ ಬದಲಿಸಿಕೊಂಡರು. ಆದ್ದರಿಂದ ಚಿಕ್ಕ ಅಂಕಿಯ ಪದಕ ಹೊಸ ಪಟ್ಟಿಯಲ್ಲಿದ್ದರೆ ಅದರಲ್ಲಿ ತಪ್ಪೇನಿಲ್ಲ. ದೊಡ್ಡ ಅಂಕಿಯ ಪದಕ ಹಳೆಯ ಆಯತದಲ್ಲಿ ತೂಗುತ್ತಿದ್ದರೆ, ಬೆಲೆ ಏರಿಸಲೆಂದು ಯಾರೋ ಇತ್ತೀಚೆಗೆ ಸಿಕ್ಕಿಸಿದ್ದಾರೆ ಎಂದೇ ತಿಳಿಯಬೇಕು. ನಮ್ಮ ಶಾಸನ ವಿದ್ವಾಂಸರು ಕೂಟಶಾಸನವನ್ನು ಹಿಡಿಯುವ ಜಾಡೂ ಇದೇ. ತಾಮ್ರಪಟ ಹೇಳುವ ಶಕವರ್ಷ ಒಂದು ಕಾಲದ್ದು, ಅಕ್ಷರದ ವಟಿವು ಇನ್ನೊಂದು ಕಾಲದ್ದು. ಶಾಸನತಜ್ಞ ಫ್ಲೀಟ್ ಗಂಗರ ಎಷ್ಟೋ ತಾಮ್ರಪಟಗಳನ್ನು ಕೂಟವೆಂದು ಸಾರಿದ್ದು ಇಂಥ ತಾಳೆ ನೋಡಿಯೇ.

ಪದಕ ಅಸಲಿ, ಅಂಕಿ ಅಸಲಿ, ಜೊತೆಗೆ ಬಂದ ಪುಸ್ತಿಕೆಯೂ ಅಸಲಿ. ಆದರೂ ಮೋಸ ಹೋಗಬಹುದು. ನನ್ನ ಸಂಗ್ರಹದಲ್ಲೊಂದು ಕೆಂಪು ನಕ್ಷತ್ರವಿದೆ. ಮಾರಿದವರು ಅದನ್ನು ದ್ನೀಪರ್ ನದಿಯ ಕದನದಲ್ಲಿ ಗಳಿಸಿದ್ದೆಂದು ಹೇಳಿದ್ದರು. ಜೊತೆಗೆ ಪದಕ ಪಡೆದ ಅಧಿಕಾರಿಯ ಹೆಸರೂ ಅಂಕಿಯೂ ಇದ್ದ ‘ಓರ್ಡೆನ್ಸ್‌ಕಯಾ ಕ್ನೀಷ್ಕಾ’ ಎಂಬ ಪುಟ್ಟ ಪುಸ್ತಿಕೆಯನ್ನೂ ಕೊಟ್ಟಿದ್ದರು. ಅಂಕಿ ಅಕ್ಷರಶಃ ಕೂಡುತ್ತಿತ್ತು. ವರ್ಷಗಟ್ಟಲೆ ನಾನು ಅದನ್ನು ನದಿ ದಾಟಿದ ನಕ್ಷತ್ರವೆಂದೇ ಬಂದವರಿಗೆಲ್ಲ ತೋರಿಸಿದೆ. ಒಂದು ಸಂಜೆ ಪುಸ್ತಿಕೆಯನ್ನು ಮತ್ತೊಮ್ಮೆ ಸಾವಧಾನವಾಗಿ ಓದಿದಾಗ, ಆ ಅಧಿಕಾರಿಗೆ ಎರಡು ಕೆಂಪು ನಕ್ಷತ್ರಗಳು ಸಿಕ್ಕಿದ್ದವೆಂಬುದು ಕಣ್ಣಿಗೆ ಬಿತ್ತು. ಒಂದರ ಅಂಕಿ ಕೆಲವೇ ಲಕ್ಷದ್ದು. ನನ್ನ ಬಳಿಯಿದ್ದದ್ದು ಮೂವತ್ತು ಲಕ್ಷ ದಾಟಿದ್ದು, ಅಂದರೆ ಯುದ್ಧ ಮುಗಿದ ಮೇಲೆ ಕೊಟ್ಟದ್ದು.

ಇದರ ಅರ್ಥ ತಿಳಿಯಲು ಇನ್ನೊಂದು ಕಾಯಿದೆ ಗೊತ್ತಿರಬೇಕು. 1944ರ ಜೂನ್ 4ರ ಆಜ್ಞೆಯಂತೆ ಸೇನೆಯಲ್ಲಿ ಹತ್ತು ವರ್ಷ ಸೇವೆ ಮಾಡಿದವನಿಗೆ ‘ಯುದ್ಧಸೇವೆಗಾಗಿ’ ಪದಕ, ಹದಿನೈದಕ್ಕೆ ಕೆಂಪು ನಕ್ಷತ್ರ, ಇಪ್ಪತ್ತಕ್ಕೆ ‘ಕೆಂಪು ಪತಾಕೆ’, ಇಪ್ಪತ್ತೈದಕ್ಕೆ ಲೆನಿನ್ ಪದಕ ಸಿಗುತ್ತಿತ್ತು. ರಣರಂಗದಲ್ಲಿ ಕೊಡುತ್ತಿದ್ದ ಅದೇ ಪದಕ, ಅದೇ ಬೆಳ್ಳಿ. ದೀರ್ಘ ಸೇವೆಗೆಂದು ಸೇನೆಯಲ್ಲಿ ಪ್ರತ್ಯೇಕ ಪದಕ ಬಂದದ್ದು 1958ರಲ್ಲಿ. ನನ್ನ ನಕ್ಷತ್ರ ಹದಿನೈದು ವರ್ಷದ ಸೇವೆಯದು. ನದಿ ದಾಟಿದ ನಕ್ಷತ್ರ ಇನ್ನೆಲ್ಲೋ, ಇನ್ಯಾರದೋ ಪೆಟ್ಟಿಗೆಯಲ್ಲಿದೆ. ನಾನು ಅದನ್ನು ಮಾರಿಲ್ಲ. ಹಿಂದಿದ್ದ ಚೀಟಿಯನ್ನು ಹರಿದು ಸರಿಯಾದ ಚೀಟಿ ಬರೆದಿಟ್ಟಿದ್ದೇನೆ.

ಹಾಗಿದ್ದರೆ ಪದಕ ಏಕೆ ಸಿಕ್ಕಿತೆಂದು ತಿಳಿಸುವುದು ಯಾವುದು? ಮಾಸ್ಕೋ ಹತ್ತಿರದ ಪೊದೋಲ್ಸ್ಕ್ ಊರಿನಲ್ಲಿ ರಕ್ಷಣಾ ಇಲಾಖೆಯ ಕೇಂದ್ರ ದಾಖಲಾಗಾರವಿದೆ. ಯುದ್ಧಕಾಲದ ಶಿಫಾರಸು ಹಾಳೆಗಳು ಅಲ್ಲಿವೆ. 2010ರಲ್ಲಿ ‘ಪೊದ್ವಿಗ್ ನರೋದ’, 2015ರಲ್ಲಿ ‘ಪಾಮ್ಯತ್ ನರೋದ’ ಎಂಬ ಅಂತರ್ಜಾಲ ಸಂಗ್ರಹಗಳ ಮೂಲಕ ಅವುಗಳ ಚಿತ್ರಗಳನ್ನು ಲೋಕಕ್ಕೆಲ್ಲ ತೆರೆದಿಟ್ಟರು. ಇಂದು ಬೆಂಗಳೂರಿನಲ್ಲಿ ಕೂತವರೂ ಓದಬಹುದು. ಒಂದು ತೊಡಕಿದೆ. ಅಲ್ಲಿ ಹುಡುಕಬೇಕಾದದ್ದು ಹೆಸರಿನಿಂದ. ಪದಕದ ಅಂಕಿಯಿಂದ ಹುಡುಕಲಾಗದು. ಏಕೆಂದರೆ ಶಿಫಾರಸು ಬರೆಯುವ ಹೊತ್ತಿಗೆ ಪದಕ ಇನ್ನೂ ಯಾರ ಕೈಗೂ ಬಂದಿರುವುದಿಲ್ಲ. ಅಂಕಿಯಿಂದ ಹೆಸರಿಗೆ ದಾಟಿಸುವ ಸೇತುವೆ ಎರಡೇ: ಪದಕದವನ ಪುಸ್ತಿಕೆ, ಇಲ್ಲವೇ ಸರಕಾರದ ಬಳಿ ಉಳಿದ ಅವನ ನೋಂದಣಿ ಕಾರ್ಡು.

ಶಿಫಾರಸು ಹಾಳೆಯ ಹೆಸರು ‘ನಗ್ರದ್ನೋಯ್ ಲಿಸ್ತ್’. ಮೇಲ್ಭಾಗದಲ್ಲಿ ಹೆಸರು, ದರ್ಜೆ, ಹುಟ್ಟಿದ ವರ್ಷ, ಜನಾಂಗ, ಪಕ್ಷದ ಸದಸ್ಯತ್ವ, ಎಷ್ಟು ಸಲ ಗಾಯಗೊಂಡದ್ದು, ಯಾವ ಊರಿನಿಂದ ಸೇನೆಗೆ ಸೇರಿದ್ದು. ಕೆಳಗೆ ಆತ ಮಾಡಿದ ಕೆಲಸದ ಸಂಕ್ಷಿಪ್ತ ವಿವರ. ಹಿಂಬದಿಯಲ್ಲಿ ಒಬ್ಬರ ಮೇಲೊಬ್ಬರು ಅಧಿಕಾರಿಗಳ ಅಭಿಪ್ರಾಯ ಮತ್ತು ರುಜು. ನಾನು ಹೆಚ್ಚು ಹೊತ್ತು ಕಳೆಯುವುದು ಈ ಹಿಂಬದಿಯಲ್ಲಿ. ಕೇಳಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂಬ ಕಥೆಗಳು ಇಲ್ಲಿ ತುಂಬಿವೆ. 1941ರ ಆಗಸ್ಟ್ 20ರಂದು ಲೆನಿನ್‌ಗ್ರಾದ್ ಹತ್ತಿರದ ವೊಯ್ಸ್ಕೊವಿತ್ಸಿಯಲ್ಲಿ ಜಿನೊವಿ ಕೊಲೊಬಾನೊವ್ ತನ್ನ ಕೆವಿ ಟ್ಯಾಂಕನ್ನು ಮರೆಯಲ್ಲಿ ನಿಲ್ಲಿಸಿಕೊಂಡು ಜರ್ಮನ್ ಟ್ಯಾಂಕುಗಳ ಸಾಲನ್ನೇ ತಡೆದ. ಅವನ ಲೆಕ್ಕಕ್ಕೆ ಬರೆದದ್ದು 22 ಟ್ಯಾಂಕ್. ‘ಸೋವಿಯತ್ ಒಕ್ಕೂಟದ ವೀರ’ ಎಂಬ ಅತ್ಯುನ್ನತ ಬಿರುದಿಗೆ ಅವನ ಹೆಸರು ಹೋಯಿತು. ಮೇಲಿನ ಕಚೇರಿಯಲ್ಲಿ ಆ ಸಾಲನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿ ಕೆಂಪು ಪತಾಕೆ ಎಂದು ಬರೆದರು. ಅವನ ಪದಕವನ್ನು ಎಷ್ಟೇ ದಿಟ್ಟಿಸಿ ನೋಡಿದರೂ ಆ ಪೆನ್ಸಿಲ್ ಗೆರೆ ಕಾಣುವುದಿಲ್ಲ.

ಸಾಮಾನ್ಯ ಸೈನಿಕನಿಗೆ ಎಷ್ಟೋ ಸಲ ಅಷ್ಟು ಕಾಗದವೂ ಇರುವುದಿಲ್ಲ. 1942ರ ಕೊನೆಯ ಹೊತ್ತಿಗೆ ಪದಕ ಕೊಡುವ ಅಧಿಕಾರ ರೆಜಿಮೆಂಟಿನ ನಾಯಕನವರೆಗೂ ಇಳಿದಿತ್ತು. ಧೈರ್ಯಕ್ಕಾಗಿ ಕೊಡುವ ಪದಕವನ್ನು ಅವನು ತನ್ನ ಆಜ್ಞೆಯಲ್ಲೇ ಹಂಚಬಹುದಿತ್ತು. ಆಜ್ಞೆಯ ಪಟ್ಟಿಯಲ್ಲಿ ಒಬ್ಬೊಬ್ಬನಿಗೆ ಒಂದೋ ಎರಡೋ ವಾಕ್ಯ. ತುಂಡಾದ ದೂರವಾಣಿ ತಂತಿಯನ್ನು ಗುಂಡಿನ ಮಳೆಯಲ್ಲಿ ಕಟ್ಟಿದ, ಗಾಯಗೊಂಡವರನ್ನು ಬೆನ್ನ ಮೇಲೆ ಹೊತ್ತು ತಂದ ಎನ್ನುವಷ್ಟು. ನಮ್ಮ ಹಳ್ಳಿಯ ವೀರಗಲ್ಲಿನ ಕೆಳಗೆ ತುರುಗೊಳಿನಲ್ಲಿ ಕಾದಿ ಸತ್ತವನಿಗೆ ಎರಡು ಸಾಲು ಕೊರೆದಿರುವುದನ್ನು ಓದುವಾಗ ಗಂಟಲು ಕಟ್ಟುವ ಹಾಗೆಯೇ ಇಲ್ಲಿಯೂ ಆಗುತ್ತದೆ. ಸಂಗ್ರಾಹಕನಾಗಿ ನನ್ನ ತೀರ್ಮಾನ ಇದು: ಹಿನ್ನೆಲೆ ಗೊತ್ತಿಲ್ಲದ ಚಿನ್ನದ ಲೆನಿನ್ ಪದಕಕ್ಕಿಂತ ಇಂಥ ಒಂದು ವಾಕ್ಯದ ಆಸರೆಯಿರುವ ಸವೆದ ‘ಜಾ ಒತ್ವಾಗು’ ದೊಡ್ಡದು.

ಹಾಗೆಂದು ಕಾಗದವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1941ರ ನವೆಂಬರ್‌ನಲ್ಲಿ ಮಾಸ್ಕೋ ರಕ್ಷಣೆಯಲ್ಲಿ ಜನರಲ್ ಪ್ಯಾನ್ಫಿಲೊವ್‌ನ ದಳದ 28 ಮಂದಿ ಟ್ಯಾಂಕುಗಳಿಗೆ ಎದೆಗೊಟ್ಟು ಎಲ್ಲರೂ ಮಡಿದರೆಂದು ಪತ್ರಿಕೆ ಬರೆಯಿತು. 1942ರ ಜುಲೈಯಲ್ಲಿ ಅಷ್ಟೂ ಮಂದಿಗೆ ಮರಣೋತ್ತರವಾಗಿ ವೀರ ಬಿರುದು ಬಂತು. ಆ ಮಡಿದವರಲ್ಲಿ ಒಬ್ಬನಾದ ಇವಾನ್ ದೊಬ್ರೊಬಾಬಿನ್ ಯುದ್ಧದ ನಂತರ ಜೀವಂತ ಸಿಕ್ಕಿಬಿದ್ದ. ಜರ್ಮನ್ನರ ಕೈಕೆಳಗೆ ಪೊಲೀಸನಾಗಿದ್ದ ಆರೋಪ ಅವನ ಮೇಲಿತ್ತು. 1948ರಲ್ಲಿ ಸೇನಾ ಅಭಿಯೋಜಕರು ತನಿಖೆ ಮಾಡಿ, ಪತ್ರಿಕೆಯಲ್ಲಿ ಬಂದ ಆ ಕದನ ಬರಹಗಾರನ ಕಲ್ಪನೆ ಎಂದು ವರದಿ ಕೊಟ್ಟರು. ಅಂದು ಅಲ್ಲಿ ಆ ದಳದ ರೆಜಿಮೆಂಟೊಂದು ಕಾದಾಡಿದ್ದು, ನೂರಾರು ಜನ ಸತ್ತದ್ದು ನಿಜ. ಇಪ್ಪತ್ತೆಂಟರ ಕಥೆ ಮಾತ್ರ ಕಟ್ಟಿದ್ದು. ಆ ವರದಿ ದಶಕಗಳ ಕಾಲ ಕಪಾಟಿನಲ್ಲಿತ್ತು. 2015ರಲ್ಲಿ ರಷ್ಯದ ರಾಜ್ಯ ದಾಖಲಾಗಾರದ ನಿರ್ದೇಶಕ ಸೆರ್ಗೆಯ್ ಮಿರೊನೆಂಕೊ ಅದನ್ನು ಪ್ರಕಟಿಸಿದರು. ಮರುವರ್ಷ ಅವರು ಆ ಹುದ್ದೆಯಲ್ಲಿ ಉಳಿಯಲಿಲ್ಲ. ಟಂಕಸಾಲೆಯ ಚಿನ್ನ ಅಸಲಿ, ಸರಕಾರದ ಆಜ್ಞೆ ಅಸಲಿ, ಕದನದ ವರ್ಣನೆ ಸುಳ್ಳು. ಇಂಥದ್ದೂ ಆಗುತ್ತದೆ ಎಂಬ ಎಚ್ಚರ ಈ ಹವ್ಯಾಸದವನಿಗೆ ಇರಬೇಕು.

ಕೊಟ್ಟದ್ದನ್ನು ಕಿತ್ತುಕೊಂಡ ಕಥೆಗಳೂ ಇವೆ. ಸೊಲ್ಜೆನಿತ್ಸಿನ್‌ನನ್ನು ಬರಹಗಾರನಾಗಿ ನಾವು ಬಲ್ಲೆವು. ಯುದ್ಧದಲ್ಲಿ ಆತ ಶತ್ರು ಫಿರಂಗಿಯ ಸದ್ದನ್ನು ಆಲಿಸಿ ಅದರ ಜಾಗ ಗುರುತಿಸುವ ತುಕಡಿಯ ನಾಯಕ. ‘ದೇಶಭಕ್ತಿಯ ಯುದ್ಧ’ ಪದಕದ ಎರಡನೇ ದರ್ಜೆಯೂ ಕೆಂಪು ನಕ್ಷತ್ರವೂ ಅವನ ಎದೆಯ ಮೇಲಿದ್ದವು. 1945ರಲ್ಲಿ ಬಂಧನವಾದಾಗ ಅವು ಹೋದವು. ಆರೋಪಮುಕ್ತನಾದ ಮೇಲೆ ಹಿಂತಿರುಗಿ ಬಂದವು.

ಸಂತೆಯ ವಿಷಯ ಬಹಳ ಹೇಳಲಾರೆ, ಅದು ಮನಸ್ಸಿಗೆ ಹಿತವಲ್ಲ. ಆದರೂ ಒಂದನ್ನು ಮರೆಯಬಾರದು. 1943ರಲ್ಲಿ ನೊವೊರೊಸಿಸ್ಕ್ ಬಂದರಿಗೆ ಸೈನ್ಯ ಇಳಿಸಿದ ನೌಕಾಧಿಕಾರಿ ಗಿಯೋರ್ಗಿ ಖೊಲೊಸ್ತ್ಯಕೋವ್ ವೀರ ಬಿರುದಿನ ಚಿನ್ನದ ನಕ್ಷತ್ರ ಪಡೆದವರು. 1983ರ ಜುಲೈಯಲ್ಲಿ ಅವರನ್ನೂ ಅವರ ಹೆಂಡತಿಯನ್ನೂ ಮಾಸ್ಕೋದ ಅವರ ಮನೆಯಲ್ಲೇ ಕೊಂದು ಪದಕಗಳನ್ನು ಕದ್ದೊಯ್ದರು. ಪತ್ರಿಕೋದ್ಯಮದ ವಿದ್ಯಾರ್ಥಿಗಳೆಂದು ಹೇಳಿಕೊಂಡು ಬಂದವರಿಗೆ ಆ ವೃದ್ಧ ದಂಪತಿ ಬಾಗಿಲು ತೆರೆದಿದ್ದರು. ಇಂದಿಗೂ ರಷ್ಯದ ಒಳಗೆ ಸೋವಿಯತ್ ಸರಕಾರದ ಪದಕಗಳನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಹೊರದೇಶಗಳಲ್ಲಿ ಮಾತ್ರ ಅವು ಹರಾಜಿನಲ್ಲಿ ಕೈ ಬದಲಿಸುತ್ತವೆ. ಪದಕ ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಎಂದು ಕೇಳದವನು ಅದನ್ನು ಮುಟ್ಟಲೇಬಾರದು.

ಕೆಂಪು ನಕ್ಷತ್ರ ನಮ್ಮವರ ಎದೆಯ ಮೇಲೂ ಇತ್ತು. ಎರಡನೇ ಮಹಾಯುದ್ಧದಲ್ಲಿ ಇರಾನಿನ ದಾರಿಯಾಗಿ ಸೋವಿಯತ್ ಸೇನೆಗೆ ಸಾಮಗ್ರಿ ಸಾಗಿಸಿದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ಇಬ್ಬರಿಗೆ 1944ರಲ್ಲಿ ಕೆಂಪು ನಕ್ಷತ್ರ ಸಿಕ್ಕಿತು. ಒಬ್ಬರು ತಮಿಳುನಾಡಿನ ಸುಬೇದಾರ್ ನಾರಾಯಣ ರಾವ್ ನಿಕ್ಕಂ, ಇನ್ನೊಬ್ಬರು ಉತ್ತರಾಖಂಡದ ಹವಾಲ್ದಾರ್ ಗಜೇಂದ್ರ ಸಿಂಗ್.

ಸೋವಿಯತ್ ಕಾಲದಲ್ಲಿ ಮಾಸ್ಕೋ, ಕೀವ್, ಲೆನಿನ್‌ಗ್ರಾದ್‌ಗಳಲ್ಲಿ ವೈದ್ಯಕೀಯವನ್ನೋ ಎಂಜಿನಿಯರಿಂಗನ್ನೋ ಓದಿ ಬಂದ ಕನ್ನಡಿಗರು ಅನೇಕರು. ಅಂಥವರ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಗೆಳೆತನದ ಕಾಣಿಕೆಯಾಗಿ ಬಂದ ಪದಕವೊಂದು ಇದ್ದರೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ; ಅಂಕಿಯ ಗೀರಿನಲ್ಲಿ ಕೂತ ಕಪ್ಪೂ ಸಾಕ್ಷಿಯೇ. ಬೆನ್ನ ಮೇಲಿನ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಪಕ್ಕದಲ್ಲೊಂದು ಪುಟ್ಟ ಪುಸ್ತಿಕೆ ಇದ್ದರೆ, ಯಾರು ಎಷ್ಟೇ ಬೆಲೆ ಹೇಳಿದರೂ ಅವೆರಡನ್ನು ಅಗಲಿಸಬೇಡಿ.