ಬಿ.ಎಚ್. ರಸ್ತೆಯ ಲೆಕ್ಕದಲ್ಲಿ ಮನುಷ್ಯರೆಷ್ಟು?

ಶಿವಮೊಗ್ಗದ ವಿದ್ಯಾನಗರದಲ್ಲಿ ರೈಲು ಹಳಿ ದಾಟಿಸುವ ವೃತ್ತಾಕಾರದ ಮೇಲ್ಸೇತುವೆ ಈಚಿನ ವರ್ಷಗಳಲ್ಲಿ ಜಿಲ್ಲೆ ಕಂಡ ಗಟ್ಟಿ ಕೆಲಸಗಳಲ್ಲೊಂದು. ಏರಿಗೆ ಬೇಕಾದ ಉದ್ದವನ್ನು ಅದು ಸುತ್ತಿನಲ್ಲೇ ಪಡೆದುಕೊಂಡಿದೆ. ಗೇಟು ಬಿದ್ದರೆ ಆಂಬುಲೆನ್ಸೂ ನಿಲ್ಲಬೇಕಾಗಿದ್ದ ಕಡೆ ಈಗ ದಾರಿ ತೆರೆದಿದೆ. ಸವಳಂಗ ರಸ್ತೆಯ ಸೇತುವೆ, ಭದ್ರಾವತಿಯ ಕಡದಕಟ್ಟೆಯ ಸೇತುವೆಗಳ ಉದ್ದೇಶವೂ ಇದೇ. ಇವುಗಳ ಹಿಂದಿನ ಇಂಜಿನಿಯರುಗಳಿಗೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ಸಂಚಾರ ಇಂಜಿನಿಯರಿಂಗ್ ಸೇತುವೆಗೆ ಮುಗಿಯುವ ವಿದ್ಯೆಯಲ್ಲ. ಬಿ.ಎಚ್. ರಸ್ತೆ ಜೋಡಿಸುವ ಶಿವಮೊಗ್ಗ, ಭದ್ರಾವತಿಗಳ ನಡುವೆ ಸುಮಾರು 20 ಕಿ.ಮೀ. ಅಂತರ. 2011ರ ಜನಗಣತಿಯಲ್ಲಿ ಶಿವಮೊಗ್ಗದಲ್ಲಿ 3.22 ಲಕ್ಷ, ಭದ್ರಾವತಿಯಲ್ಲಿ ಸುಮಾರು 1.5 ಲಕ್ಷ ಜನ. ಮೊದಲು ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಪಾಳಿಯೇ ಭದ್ರಾವತಿಯ ಓಡಾಟಕ್ಕೆ ಗಡಿಯಾರವಾಗಿತ್ತು. ಕಾಗದದ ಎಂಪಿಎಂ ನಿಂತು, ಕಬ್ಬಿಣದ ವಿಐಎಸ್‌ಎಲ್ ಸೊರಗಿದ ಮೇಲೆ ಕೆಲಸ ಹುಡುಕಿಕೊಂಡು, ಮೆಗ್ಗಾನ್ ಆಸ್ಪತ್ರೆಗೆಂದು ಜನ ಶಿವಮೊಗ್ಗದ ಕಡೆ ಹೊರಡುತ್ತಾರೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೆ ಹೋಗುವ ವಿದ್ಯಾರ್ಥಿಗಳು ಎದುರು ದಿಕ್ಕಿನಲ್ಲಿ ಬರುತ್ತಾರೆ. ಇದು ಒಂದೇ ಊರಿನ ಓಡಾಟ. ನಮ್ಮ ಆಡಳಿತ ಮಾತ್ರ ಅದನ್ನು ಹಾಗೆ ನೋಡಿಲ್ಲ.

ಅಳತೆಗೋಲಿನಲ್ಲೇ ತೊಡಕಿದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೆದ್ದಾರಿಗಳಿಗೆ ಕೊಟ್ಟ ಲೆಕ್ಕದಲ್ಲಿ ಕಾರು 1 ಆದರೆ ಬಸ್ಸು 3. ರಸ್ತೆಯ ಮೇಲೆ ಹಿಡಿಯುವ ಜಾಗ ಅಳೆಯಲು ಈ ಲೆಕ್ಕ ಸರಿ. ಅದರ ಮೇಲೆಯೇ ಊರಿನ ಯೋಜನೆ ನಿಂತರೆ, ಐವತ್ತು ಜನರನ್ನು ಹೊತ್ತ ಬಸ್ಸು ಮೂರು ಕಾರುಗಳಷ್ಟು ಹೊರೆಯಾಗಿ ಕಾಣುತ್ತದೆ. ಒಳಗಿರುವ ಐವತ್ತು ಜನ ಕಾಣುವುದಿಲ್ಲ. ರಸ್ತೆ ಅಗಲವಾಗುತ್ತದೆ, ನಿಲ್ದಾಣ ಮರೆತುಹೋಗುತ್ತದೆ.

ನಡೆಯುವವರ ಗತಿಯೂ ಇದೇ. 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಶಿವಮೊಗ್ಗದಲ್ಲಿ ರಸ್ತೆಗಳು ಹೊಸದಾದವು, ಕಟ್ಟಡಗಳ ಹಿಂಬದಿಯ ಕನ್ಸರ್ವೆನ್ಸಿ ಓಣಿಗಳಿಗೂ ಕಳೆ ಬಂತು. ಓಣಿಗಳನ್ನು ಜನರ ಬಳಕೆಗೆ ತಂದದ್ದು ನಿಜಕ್ಕೂ ಒಳ್ಳೆಯ ಯೋಚನೆ. ಆದರೆ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲವಿರಬೇಕೆಂಬುದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನದೇ ನಿಯಮ. ಟೈಲ್ಸ್ ಹಾಸಿದ ಮೇಲೆ ಬೈಕು ನಿಲ್ಲದಂತೆ ಕಾಯುವವರಿಲ್ಲದಿದ್ದರೆ ಆ ನಿಯಮ ನಕ್ಷೆಯಲ್ಲೇ ಉಳಿಯುತ್ತದೆ. ಮುದುಕರು, ಶಾಲೆಯ ಮಕ್ಕಳು ಡಾಂಬರಿಗೆ ಇಳಿಯಲೇಬೇಕಾಗುತ್ತದೆ.

ಬಸ್ಸಿನ ಮಾತಿಗೆ ಬಂದರೆ, ಶಿವಮೊಗ್ಗದ ಒಳ ಓಡಾಟದಲ್ಲಿ ಖಾಸಗಿ ಸಿಟಿ ಬಸ್ಸುಗಳ ಪಾಲು ದೊಡ್ಡದು. 2023ರ ಜೂನ್ 11ರಂದು ಜಾರಿಗೆ ಬಂದ, ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಹೀಗಾಗಿ ಸರ್ಕಾರಿ ಬಸ್ಸು ಬಾರದ ಬಡಾವಣೆಯ ಕೂಲಿ ಹೆಂಗಸಿಗೆ ಆ ಸವಲತ್ತು ಎಟುಕುವುದಿಲ್ಲ. ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೊಮ್ಮೆ ಎಂದು ಕುಳಿತು ಲೆಕ್ಕ ಹಾಕುವುದೂ ಸಂಚಾರ ಇಂಜಿನಿಯರಿನ ಕೆಲಸವೇ. ಅದಕ್ಕೆ ಉದ್ಘಾಟನೆಯಿಲ್ಲ, ಶಿಲಾಫಲಕವಿಲ್ಲ.

ದೋಷ ಇಂಜಿನಿಯರುಗಳ ಜಾಣ್ಮೆಯಲ್ಲಿಲ್ಲ, ಹೊಣೆ ಹಂಚಿದ ಬಗೆಯಲ್ಲಿದೆ. ಹೆದ್ದಾರಿ ಒಂದು ಇಲಾಖೆಯದು, ಒಳರಸ್ತೆ ಪಾಲಿಕೆ ಅಥವಾ ನಗರಸಭೆಯದು, ಸಂಚಾರ ನಿಯಂತ್ರಣ ಪೊಲೀಸರದು, ಪರ್ಮಿಟ್ಟು ಸಾರಿಗೆ ಪ್ರಾಧಿಕಾರದ್ದು, ಹಳಿ ರೈಲ್ವೆಯದು. ಹಾಗಿದ್ದೂ ಎರಡೂ ಊರುಗಳನ್ನು ಒಟ್ಟಿಗೆ ನೋಡುವ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಸೂಡಾ, ನಮ್ಮ ಮುಂದೆಯೇ ಇದೆ. ಬಡಾವಣೆ, ನಿವೇಶನಗಳಿಗೆ ಹೆಸರಾದ ಈ ಸಂಸ್ಥೆಯಲ್ಲಿ ಓಡಾಟವೊಂದನ್ನೇ ನೋಡಿಕೊಳ್ಳುವ ಇಂಜಿನಿಯರುಗಳ ಕಾಯಂ ತಂಡ ಬೇಕು. ಪ್ರತಿ ವರ್ಷ ಅದು ವಾಹನಗಳ ಜೊತೆಗೆ ಜನರನ್ನೂ ಎಣಿಸಲಿ. ಕಾಯ್ದ ಹೊತ್ತು, ದಾಟಲಾಗದ ಸರ್ಕಲ್ಲು, ಅಪಘಾತದ ಜಾಗಗಳನ್ನು ಸಾರ್ವಜನಿಕರ ಮುಂದಿಡಲಿ. ಮುಂದಿನ ಸೇತುವೆಯ ಟೆಂಡರು ಆ ವರದಿಯನ್ನು ಓದಿದ ಮೇಲೆಯೇ ಹೊರಡಲಿ.