ಮಿಶನರಿ ಪತ್ರಗಳ ಸಾಕ್ಷ್ಯ

1898ನೆಯ ಇಸವಿಯಲ್ಲಿ ಎರಡು ಗ್ರಂಥಗಳು ಬೆಳಕು ಕಂಡುವು. ಪುಣೆಯ ಡೆಕ್ಕನ್ ಕಾಲೇಜಿನೊಡನೆ ಹೆಸರು ಬೆಸೆದುಕೊಂಡಿರುವ ಕೆ. ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಸಂಪಾದಿಸಿ ಕನ್ನಡಿಗರ ಕೈಗಿತ್ತರು, ವಿ. ಕಾ. ರಾಜವಾಡೆಯವರು ‘ಮರಾಠ್ಯಾಂಚ್ಯಾ ಇತಿಹಾಸಾಚೀ ಸಾಧನೇಂ’ ಮಾಲೆಯ ಮೊದಲ ಸಂಪುಟದಲ್ಲಿ ಹಳೆಯ ಕಾಗದಪತ್ರಗಳನ್ನು ಅಚ್ಚು ಮಾಡಿಸಿದರು. 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಲ ಸ್ಥಾಪಿತವಾದ ಮೇಲಂತೂ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ದಫ್ತರಕ್ಕೂ ಮಾನ್ಯತೆ ಬಂದಿತು. ಈ ಊರಿನಲ್ಲಿ ನೆಲಸಿದ ಕನ್ನಡಿಗರಿಗೆ ಒಂದು ಪ್ರಶ್ನೆ ಏಳುವುದು ಸಹಜ: ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯಸೇವಕರ ಪತ್ರಗಳು ಎಲ್ಲಿವೆ?

ದೊಡ್ಡ ರಾಶಿಯೊಂದು ಇರುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ದಫ್ತರದಲ್ಲಿ ಮೋಗ್ಲಿಂಗ್, ಕಿಟ್ಟೆಲ್ ಮೊದಲಾದವರ ಕಾಗದಗಳು ಉಳಿದಿವೆ. ಮೋಡಿ ಬಲ್ಲವನಿಗೆ ಮಾತ್ರ ಪೇಶವೆ ದಫ್ತರ ತೆರೆಯುವಂತೆ, ಹಳೆಯ ಜರ್ಮನ್ ಕೂಡುಬರಹ ಬಲ್ಲವನಿಗೆ ಮಾತ್ರ ಅವು ಬಾಯಿ ಬಿಡುತ್ತವೆ. ಆದರೆ ಇವನ್ನು ‘ಖಾಸಗಿ ಪತ್ರ’ಗಳೆಂದು ಕರೆಯುವ ರೂಢಿ ಪರೀಕ್ಷೆಗೆ ನಿಲ್ಲದು. ಬಹುಭಾಗ ಮಿಶನ್ನಿನ ಸಮಿತಿಗೆ ಒಪ್ಪಿಸಿದ ವರದಿಗಳು. ಉಳಿದು ಬಂದುದಕ್ಕೆ ಕಾರಣವೂ ಅದೇ. ಪತ್ರವನ್ನು ಕಾಪಾಡುವವನು ಬರೆದವನಲ್ಲ, ಪಡೆದವನು. ಶಾಖೆಯಿಂದ ಪ್ರಧಾನ ಕಚೇರಿಗೆ ಹೋದ ಕಾಗದ ಕಡತ ಸೇರುತ್ತದೆ, ಅದೇ ಗುಮಾಸ್ತನು ಗೆಳೆಯನಿಗೆ ಬರೆದುದು ಒಲೆ ಸೇರುತ್ತದೆ.

ಹೆರ್ಮನ್ ಮೋಗ್ಲಿಂಗ್ (1811–1881) 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರು. 1848ರಿಂದ 1853ರವರೆಗೆ, ಕಸಮೇಜರ್ ಎಂಬ ಅಧಿಕಾರಿಯ ಧನಸಹಾಯದಿಂದ ಮೊದಲಾದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದವರು. ಕ್ರೈಸ್ತಧರ್ಮವನ್ನು ಬೋಧಿಸಬಂದವರು ಶೈವ ವೈಷ್ಣವ ಕೃತಿಗಳಿಗಾಗಿ ಏಕೆ ದುಡಿದರು? ಸಮಿತಿಗೆ ಹೇಳಬೇಕಾದ ಉತ್ತರ ಒಂದು, ವಿದ್ವಾಂಸರಿಗೆ ಹೇಳಬಹುದಾದುದು ಇನ್ನೊಂದು. ಅವರ ಸಹೋದ್ಯೋಗಿ ವೈಗ್ಲೆ 1848ರಲ್ಲಿ ಜರ್ಮನ್ ಪ್ರಾಚ್ಯವಿದ್ಯಾ ಸಂಘದ ಪತ್ರಿಕೆಯಲ್ಲಿ ಕನ್ನಡ ಭಾಷೆ ಸಾಹಿತ್ಯಗಳನ್ನು ಕುರಿತು ಬರೆದಾಗ ಎದುರಿಗಿದ್ದ ಓದುಗರೇ ಬೇರೆ. ಎರಡರಲ್ಲಿ ಒಂದು ಸುಳ್ಳೆಂದು ತೀರ್ಪು ಕೊಡಬೇಕಾಗಿಲ್ಲ. ಆದರೆ ಸಮಿತಿಗೆ ಬರೆದುದನ್ನೇ ಹಿಡಿದು ಬರೆದವನ ಅಂತರಂಗ ಇಷ್ಟೇ ಎನ್ನುವುದು ಅವಸರದ ಮಾತು. ಮೋಗ್ಲಿಂಗರು ತೀರಿಕೊಂಡ ಮರುವರ್ಷ, 1882ರಲ್ಲಿ, ಗೆಳೆಯ ಗುಂಡರ್ಟರು ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಮಲೆಯಾಳ ನಿಘಂಟುಕಾರರಾದ ಗುಂಡರ್ಟರ ಪ್ರಾಮಾಣಿಕತೆಯಲ್ಲಿ ಸಂಶಯವಿಲ್ಲ. ಆದರೂ ಅದು ಗೆಳೆಯನು ಬರೆದ ಚರಿತ್ರೆ. ಮೂಲಪತ್ರಗಳೊಡನೆ ತಾಳೆ ನೋಡದೆ ಅದನ್ನು ಆಧಾರವಾಗಿ ಎತ್ತಿಕೊಳ್ಳುವುದು ಸಲ್ಲದು.

ಕಿಟ್ಟೆಲ್ (1832–1903) ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಸುಮಾರು 70,000 ಶಬ್ದಗಳ 1894ರ ನಿಘಂಟಿನ ಕರ್ತೃವಿಗೂ ಮಿಶನ್ನಿನ ಹಿರಿಯರಿಗೂ ಸಂಬಂಧ ಸರಳವಾಗಿರಲಿಲ್ಲ. ವಾದದಲ್ಲಿ ತೊಡಗಿದವನು ತನ್ನ ಪಕ್ಷವನ್ನು ಮಂಡಿಸುತ್ತಾನೆ. ಹಳಗನ್ನಡದ ಶಬ್ದವೊಂದರ ಅರ್ಥ ಹೊಳೆದ ಸಂಜೆಯ ಸಂತೋಷಕ್ಕೆ ಅಂಥ ಕಡತದಲ್ಲಿ ಸ್ಥಳ ಕಡಮೆ. ಅದನ್ನು ಹುಡುಕುವವರು ನಿಘಂಟನ್ನೇ ತೆರೆಯುವುದು ಲೇಸು.

ಮೇಲಧಿಕಾರಿಯ ಹಂಗಿಲ್ಲದ ಪತ್ರವಾದರೋ ಸತ್ಯವನ್ನೇ ನುಡಿಯುತ್ತದೆ ಎಂದು ವಾದಿಸುವವರಿಗೆ ಮುದ್ದಣನೇ ಉತ್ತರ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕ. ಅದ್ಭುತರಾಮಾಯಣವನ್ನೂ ರಾಮಾಶ್ವಮೇಧವನ್ನೂ ತಾನೇ ರಚಿಸಿ, ಪ್ರಾಚೀನ ಕವಿಯ ಕೃತಿಗಳೆಂಬಂತೆ ಮೈಸೂರಿನ ಸಂಪಾದಕರಿಗೆ ಕಳುಹಿಸಿದನು. 1895ರಲ್ಲಿ ಮೊದಲನೆಯದು ಅಚ್ಚಾಯಿತು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿ, ಕವಿ ಕಣ್ಮುಚ್ಚಿದನು. ಕರ್ತೃ ಯಾರೆಂಬ ಗುಟ್ಟು ಲೋಕಕ್ಕೆ ತಿಳಿದುದು ಅವನ ಕಾಲದ ಮೇಲೆ. ಆ ಹಸ್ತಪ್ರತಿಗಳೊಡನೆ ಒಂದೊಂದು ಕಾಗದವೂ ಹೋಗಿದ್ದಿರಬೇಕು. ಹಾಗಿದ್ದರೆ ಅದು ಸಾಕ್ಷಾತ್ ಕವಿಯ ಕೈಬರಹದ, ಸಮಿತಿಯಾಗಲಿ ಕಚೇರಿಯಾಗಲಿ ನಡುವೆ ಇಲ್ಲದ ಪತ್ರ; ಮತ್ತು ಅದರಲ್ಲಿರಬಹುದಾದುದು ಹಳೆಯ ಓಲೆಯೊಂದು ದೊರಕಿತೆಂಬ ಒಕ್ಕಣೆಯೇ.