ಪಕ್ಕದ ಸೀಟಿನ ಕ್ಲಚ್

ಡ್ರೈವಿಂಗ್ ಟೆಸ್ಟ್ ತೀರಾ ಸಡಿಲ, ಅದಕ್ಕೇ ನಮ್ಮ ರಸ್ತೆಗಳು ಹೀಗಿವೆ ಎಂಬ ದೂರು ಎಲ್ಲೆಡೆ ಇದೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಬೆಂಗಳೂರಿನ ಲಗ್ಗೆರೆಯ ಬೀದಿಗಳಲ್ಲಿ ದಿನ ಬೆಳಗಾದರೆ ಎಲ್ ಬೋರ್ಡಿನ ಕಾರುಗಳನ್ನು ನೋಡುವ ನನಗೆ ಕೊರತೆ ಕಾಣುವುದು ಟೆಸ್ಟಿಗಿಂತ ಹೆಚ್ಚಾಗಿ ಅದಕ್ಕೆ ನಡೆಯುವ ತಯಾರಿಯಲ್ಲಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಟೆಸ್ಟಿನಲ್ಲಿ ಏನೇನು ನೋಡಬೇಕೆಂದು ಹೇಳುವ 15ನೆಯದನ್ನು ಒಮ್ಮೆ ಪೂರ್ತಿ ಓದಬೇಕು. ಹೊರಡುವ ಮುಂಚೆ ಕನ್ನಡಿ ಸರಿಮಾಡಿಕೊಳ್ಳುವುದು, ಟಾಪ್ ಗೇರಿನವರೆಗೆ ಹೋಗಿ ಬೇಕಾದಾಗ ತಟ್ಟನೆ ಕೆಳಗಿನ ಗೇರಿಗೆ ಇಳಿಯುವುದು, ಸಿಗ್ನಲ್ಲೂ ಪೊಲೀಸರೂ ಇಲ್ಲದ ಕಡೆ ರಸ್ತೆ ದಾಟುವವರಿಗೆ ದಾರಿ ಬಿಡುವುದು, ಸೈಕಲ್ ಸವಾರ ಮುಂದೇನು ಮಾಡಿಯಾನೆಂದು ಮೊದಲೇ ಅಂದಾಜು ಮಾಡುವುದು, ಉಳಿದವರೊಡನೆ ಸೌಜನ್ಯದಿಂದ ನಡೆದುಕೊಳ್ಳುವುದು, ಎಲ್ಲವೂ ಅಲ್ಲಿವೆ. ಒಳ್ಳೆಯ ಡ್ರೈವರ್ ಎಂದರೆ ಯಾರು ಎಂದು ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಬೀದಿಯ ಪಾಠದಲ್ಲಿ ಇದರ ಕಾಲುಭಾಗವೂ ಉಳಿಯುವುದಿಲ್ಲ.

ಪಾಠ ನಡೆಯುವ ಬಗೆಯನ್ನೇ ನೋಡಿ. ಬೆಳಗಿನ ಹೊತ್ತು, ಲಗ್ಗೆರೆ ಬ್ರಿಡ್ಜ್ ಬಳಿಯ ಸರ್ವಿಸ್ ರಸ್ತೆ. ಸ್ಟೇರಿಂಗ್ ಹಿಡಿದ ಹೆಂಗಸು ಕ್ಲಚ್ಚಿನಿಂದ ಒಂದೇ ಸಲಕ್ಕೆ ಕಾಲೆತ್ತುತ್ತಾರೆ. ಕಾರು ಎಗರಿ ನಿಲ್ಲಬೇಕಿತ್ತು, ನಿಲ್ಲುವುದಿಲ್ಲ. ಪಕ್ಕದಲ್ಲಿ ಕೂತ ಹುಡುಗ ತನ್ನ ಕಡೆಯ ಕ್ಲಚ್ಚನ್ನು ಆಗಲೇ ಒತ್ತಿರುತ್ತಾನೆ. "ಸ್ಟೇರಿಂಗ್ ಮಾತ್ರ ನೋಡ್ಕೊಳಿ ಅಕ್ಕಾ, ಉಳಿದದ್ದು ನಾನಿದೀನಿ" ಎನ್ನುತ್ತಾನೆ. ಮಾತಿನಲ್ಲಿ ಅಕ್ಕರೆಯಿದೆ, ಮೊದಲ ವಾರಕ್ಕೆ ಅದು ಬೇಕು ಕೂಡ. ಸ್ಕೂಲ್ ಕಾರಿನಲ್ಲಿ ಎರಡನೇ ಕಂಟ್ರೋಲ್ ಇರಲೇಬೇಕೆಂಬುದು ನಿಯಮ. ಲಾರಿಗಳು ಪೀಣ್ಯದ ಕಡೆ ಸಾಲುಗಟ್ಟುವ ರಸ್ತೆಯಲ್ಲಿ ಪಕ್ಕದ ಸೀಟಿನ ಬ್ರೇಕ್ ಇಲ್ಲದೆ ಯಾರೂ ಕಲಿಸಬಾರದು. ಸಮಸ್ಯೆ ಬರುವುದು ಪಾಠದ ಕೊನೆಯ ದಿನವೂ ಅದೇ ಕಾಲು ಅದೇ ಕ್ಲಚ್ಚಿನ ಮೇಲಿದ್ದಾಗ. ಸೈಕಲ್ ಕಲಿಸುವವರು ಒಂದು ಗಳಿಗೆಯಲ್ಲಿ ಕ್ಯಾರಿಯರ್ ಬಿಟ್ಟೇ ಬಿಡುತ್ತಾರೆ; ಇಲ್ಲಿ ಆ ಗಳಿಗೆ ಬರುವುದೇ ಇಲ್ಲ. ಹಾಫ್ ಕ್ಲಚ್ ಎಂದರೆ ಪಾದಕ್ಕೆ ಹೇಗೆ ತಿಳಿಯುತ್ತದೆಂದು ಕಲಿಯುವವರಿಗೆ ಗೊತ್ತೇ ಆಗಿರುವುದಿಲ್ಲ, ಗೊತ್ತಿಲ್ಲವೆಂಬುದೂ ಗೊತ್ತಾಗಿರುವುದಿಲ್ಲ.

ರಿವರ್ಸ್ ಪಾಠದ್ದೂ ಇದೇ ಕತೆ. ಹಿಂದಿನ ಗಾಜಿನಲ್ಲಿ ಕಂಬ ಕಂಡ ಕೂಡಲೇ ಸ್ಟೇರಿಂಗ್ ಫುಲ್ ಕಟ್ ಮಾಡಿ, ಇನ್ನೊಂದು ಕಂಬ ಬಂದಾಗ ಒಂದು ಸುತ್ತು ವಾಪಸ್ ತನ್ನಿ ಎಂದು ಗುರುತು ಹೇಳಿಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಟ್ರ್ಯಾಕಿನಲ್ಲಿ ಇದು ಪಾಸು ಮಾಡಿಸುತ್ತದೆ. ಒಂದು ಕಡೆ ಚರಂಡಿ, ಇನ್ನೊಂದು ಕಡೆ ನಿಲ್ಲಿಸಿದ ಬೈಕುಗಳಿರುವ ಅಡ್ಡರಸ್ತೆಯಲ್ಲಿ ಆ ಕಂಬಗಳನ್ನು ಎಲ್ಲಿಂದ ತರುವುದು?

ಟೆಸ್ಟಿನ ಪರವಾಗಿ ಮಾತಾಡಬೇಕೆನಿಸುವುದು ಏರಿನ ಭಾಗದಲ್ಲಿ. ಮಲ್ಲತ್ತಹಳ್ಳಿಯ ಜ್ಞಾನಭಾರತಿ ಆರ್‌ಟಿಒದಲ್ಲಿರುವಂಥ ಸೆನ್ಸರ್ ಟ್ರ್ಯಾಕುಗಳಲ್ಲಿ ಕಾರು ಏರಿನಲ್ಲಿ ನಿಂತು ಮತ್ತೆ ಹೊರಡಬೇಕು, ಹಿಂದಕ್ಕೆ ಜಾರಬಾರದು. ಇಲ್ಲಿ ಗುರುತುಗಳು ಉಪಯೋಗಕ್ಕೆ ಬರುವುದಿಲ್ಲ. ಹ್ಯಾಂಡ್ ಬ್ರೇಕ್ ಯಾವಾಗ ಇಳಿಸಬೇಕೆಂದು ಇಂಜಿನ್ನಿನ ಸದ್ದು ಮತ್ತು ಕಾಲಡಿಯ ನಡುಕವೇ ಹೇಳಬೇಕು. ಇಡೀ ಪರೀಕ್ಷೆಯಲ್ಲಿ ಇದರಷ್ಟು ಪ್ರಾಮಾಣಿಕವಾದ ಭಾಗ ಇನ್ನೊಂದಿಲ್ಲ. ಬ್ರೇಕ್ ಇನ್ಸ್‌ಪೆಕ್ಟರ್ ಒಂದು ಮಾತನ್ನೂ ಕೇಳದೆ ಪಾದ ಕಲಿತಿದೆಯೋ ಇಲ್ಲವೋ ಹೇಳಬಹುದು. ತಯಾರಿ ಶುರುವಾಗಬೇಕಾದದ್ದೇ ಏರಿನಿಂದ. ನಮ್ಮ ಬೀದಿಯ ಪಾಠಗಳಲ್ಲಿ ಅದು ಟೆಸ್ಟಿನ ಹಿಂದಿನ ದಿನ ಅವಸರದಲ್ಲಿ ಮುಗಿಯುತ್ತದೆ.

ಕಲಿಸುವ ಹುಡುಗರನ್ನು ಬೈಯಲು ನನಗೆ ಮನಸ್ಸಿಲ್ಲ. ವಯಸ್ಸಾದವರು, ಭಯಪಡುವವರು, ಜೀವನದಲ್ಲಿ ಮೊದಲ ಸಲ ಸ್ಟೇರಿಂಗ್ ಮುಟ್ಟುವವರು, ಎಲ್ಲರನ್ನೂ ಅವರು ದನಿ ಏರಿಸದೆ ರಸ್ತೆಗೆ ತರುತ್ತಾರೆ. ಅವರನ್ನು ಕಟ್ಟಿಹಾಕಿರುವುದು ಹೊತ್ತಿನ ಲೆಕ್ಕ. ಕಾರಿಗೆ ಕನಿಷ್ಠ 21 ದಿನಗಳ ತರಬೇತಿ, ಅದರಲ್ಲಿ 10 ಗಂಟೆ ಓಡಿಸಬೇಕೆಂದು ನಿಯಮವಿದೆ. ದಿನಕ್ಕೆ ಅರ್ಧ ಗಂಟೆ ಎಂದರೆ ಲೆಕ್ಕ ಸರಿಹೋಗುತ್ತದೆ. ಆದರೆ ಆ ಅರ್ಧ ಗಂಟೆಯಲ್ಲೇ ಮುಂದಿನವರನ್ನು ಮನೆ ಬಾಗಿಲಿನಿಂದ ಹತ್ತಿಸಿಕೊಳ್ಳಬೇಕು, ಇಂಜಿನ್ ಆಫ್ ಆದರೆ ಹಿಂದಿನಿಂದ ಹಾರ್ನ್. ತಪ್ಪು ಮಾಡಲು ಬಿಡುವುದಕ್ಕೇ ಹೊತ್ತಿಲ್ಲ, ಅದಕ್ಕೇ ಪಕ್ಕದ ಕಾಲು ಮುಂದಾಗುತ್ತದೆ. 2021ರಲ್ಲಿ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮದಲ್ಲಿ ಲಘು ವಾಹನಕ್ಕೆ 29 ಗಂಟೆ ಇಟ್ಟಿದ್ದಾರೆ, ಅದರಲ್ಲಿ 21 ಗಂಟೆ ಓಡಿಸುವುದಕ್ಕೇ. ಹತ್ತು ಗಂಟೆ ಸಾಲದು ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು.

ಎಲ್‌ಎಲ್‌ಆರ್ ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆಯುತ್ತಲೇ ಟೆಸ್ಟಿಗೆ ಓಡಬೇಕಾಗಿಲ್ಲ. ಮನೆಯಲ್ಲಿ ಕಾರಿದ್ದವರು ಎಲ್ ಬೋರ್ಡ್ ಹಾಕಿ, ಡಿಎಲ್ ಇರುವ ಅಣ್ಣನನ್ನೋ ಭಾವನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಉಳಿದದ್ದನ್ನು ಕಲಿತಾರು. ಅಲ್ಲಿ ಎರಡನೇ ಕ್ಲಚ್ ಇರುವುದಿಲ್ಲ. ಲಗ್ಗೆರೆಯಲ್ಲಿ ಫೀಸಿಗೆ ಹಣ ಕೂಡಿಸಿ ಬರುವ ಎಷ್ಟೋ ಜನರಿಗೆ ಸ್ಕೂಲಿನ ಕಾರೇ ಗತಿ. ಅವರ ಪರವಾಗಿ ಸ್ಕೂಲುಗಳನ್ನು ಕೇಳಿಕೊಳ್ಳುವುದಿಷ್ಟೆ: ಎರಡನೇ ವಾರದಿಂದ ನಿಮ್ಮ ಕಾಲು ಬ್ರೇಕಿನ ಮೇಲೆ ಮಾತ್ರ ಇರಲಿ. ಕಾರು ಹತ್ತು ಸಲ ಆಫ್ ಆದರೂ ಕ್ಲಚ್ ಮುಟ್ಟಬೇಡಿ.